ನೌಕರರ ಪರಿಹಾರ: ಮೊತ್ತ ನಿರ್ಧಾರವಾಗುವುದು ಎಲ್ಲಿ?

ಕೆಲಸದ ವೇಳೆ ಗಾಯಗೊಂಡವರಿಗೂ ಮೃತರ ಅವಲಂಬಿತರಿಗೂ ಪರಿಹಾರ ಕೊಡಿಸುತ್ತಿದ್ದ 1923ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮನೆಗೂ ಕೆಲಸದ ಸ್ಥಳಕ್ಕೂ ನಡುವಿನ ದಾರಿಯ ಅಪಘಾತವನ್ನು ಅದು ಸೇರಿಸಿಕೊಂಡಿರುವುದೇ ಹೆಚ್ಚು ಚರ್ಚೆಯಾಗುತ್ತಿದೆ. ಆದರೆ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲೇ ಹಳೆಯ ಕಾಯ್ದೆಗೂ ಅದೇ ಅರ್ಥ ಕೊಟ್ಟಿತ್ತು.

ನನ್ನ ಅನುಭವದಲ್ಲಿ ಕುಟುಂಬದ ಕೈಗೆ ಬರುವ ಹಣವನ್ನು ನಿರ್ಧರಿಸುವುದು ವೇತನದ ಮಿತಿ. ಮರಣ ಸಂಭವಿಸಿದಾಗ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ಅನುಗುಣವಾದ ಗುಣಾಂಕದಿಂದ ಗುಣಿಸಲಾಗುತ್ತದೆ. ಮೂವತ್ತರ ವಯಸ್ಸಿಗೆ ಅದು 207.98. ಆದರೆ ಮೃತನು ಎಷ್ಟೇ ದುಡಿಯುತ್ತಿದ್ದರೂ ಲೆಕ್ಕಕ್ಕೆ ಹಿಡಿಯುವ ವೇತನ ಅಧಿಸೂಚಿತ ಮಿತಿಯನ್ನು ಮೀರುವಂತಿಲ್ಲ. 2010ರ ಮೇ ತಿಂಗಳಿಂದ ಸುಮಾರು ಹತ್ತು ವರ್ಷ ಈ ಮಿತಿ 8,000 ರೂಪಾಯಿಯಲ್ಲೇ ನಿಂತಿತ್ತು. 2020ರ ಜನವರಿಯಲ್ಲಿ 15,000ಕ್ಕೆ ಏರಿತು. ಹೀಗಾಗಿ ತಿಂಗಳಿಗೆ 28,000 ದುಡಿಯುತ್ತಿದ್ದ ಮೂವತ್ತರ ಗಾರೆ ಮೇಸ್ತ್ರಿ ಏರಿಕೆಗೆ ಮುಂಚೆ ಸತ್ತಿದ್ದರೆ ಮನೆಯವರಿಗೆ 8,31,920 ರೂಪಾಯಿ, ನಂತರವಾದರೆ 15,59,850 ರೂಪಾಯಿ. ಎರಡೂ ಸಂದರ್ಭದಲ್ಲಿ ಅವನ ನಿಜವಾದ ಗಳಿಕೆ ಲೆಕ್ಕಕ್ಕೇ ಬರುವುದಿಲ್ಲ. ಮಿತಿಯನ್ನು ಗೊತ್ತುಪಡಿಸುವ ಅಧಿಕಾರ ಸಂಹಿತೆಯಲ್ಲೂ ಕೇಂದ್ರದ ಬಳಿಯೇ ಇದೆ. ಬೆಲೆ ಏರಿಕೆಗೆ ತಕ್ಕಂತೆ ಅದು ತಾನಾಗಿಯೇ ಹೆಚ್ಚುವ ವ್ಯವಸ್ಥೆಯಿಲ್ಲದಿದ್ದರೆ ಉಳಿದ ಸುಧಾರಣೆಗಳ ಬೆಲೆ ಕಡಿಮೆಯೇ.

ಮಿತಿಯೊಳಗೂ ಜಗಳವಿದೆ. ಲಾರಿ ಚಾಲಕನ ಸಂಬಳ 9,000, ಬಾಟಾ 12,000 ಎಂದಿಟ್ಟುಕೊಳ್ಳೋಣ. ಬಾಟಾ ಎಂಬುದು ದಾರಿಖರ್ಚು, ವೇತನವಲ್ಲ ಎಂದು ವಿಮಾ ಕಂಪನಿಯ ವಕೀಲರು ವಾದಿಸುವುದು ವಾಡಿಕೆ. ವೇತನದ ಹೊರಗಿಡುವ ಬಾಬತ್ತುಗಳು ಒಟ್ಟು ಸಂದಾಯದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕೆಂದು ಸಂಹಿತೆ ಹೇಳುವುದರಿಂದ, ಆ ವಾದವನ್ನು ಒಪ್ಪಿದರೂ ಚಾಲಕನ ವೇತನ ಈಗ 10,500 ಆಗುತ್ತದೆ. ಹೆಚ್ಚಳ ಸಣ್ಣದಾದರೂ ಗುಣಾಂಕದೊಂದಿಗೆ ಅದು ಲಕ್ಷ ದಾಟುತ್ತದೆ.

ರಾಜ್ಯದ ಕೈಯಲ್ಲಿರುವುದು ನಿಯಮ ರಚನೆ ಮತ್ತು ಹಕ್ಕುಕೋರಿಕೆ ತೀರ್ಮಾನಿಸುವ ಪ್ರಾಧಿಕಾರದ ನೇಮಕ. ಕರ್ನಾಟಕದಲ್ಲಿ ಹಳೆಯ ಕಾಯ್ದೆಯಡಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಆಯುಕ್ತರಾಗಿ ವಿಚಾರಣೆ ನಡೆಸುತ್ತಿದ್ದರು. ಸಂಹಿತೆ ಗೆಜೆಟೆಡ್ ಅಧಿಕಾರಿಗಳಿಗೂ ಅವಕಾಶ ಕೊಡುತ್ತದೆ. ಈ ಕೆಲಸ ನ್ಯಾಯಾಧೀಶರ ಬಳಿಯೇ ಉಳಿಯುವುದು ಒಳ್ಳೆಯದು, ಏಕೆಂದರೆ ಇಲ್ಲಿನ ಹೆಚ್ಚಿನ ವಿವಾದಗಳು ಸಾಕ್ಷ್ಯದವು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರು ಅಲ್ಲಿಂದಲೇ ಸೌಲಭ್ಯ ಪಡೆಯುವುದರಿಂದ, ಪರಿಹಾರ ಕೋರಿ ಬರುವವರಲ್ಲಿ ಹಲವರು ಹಾಜರಿ ಪುಸ್ತಕವಾಗಲಿ ಸಂಬಳ ಚೀಟಿಯಾಗಲಿ ಇಲ್ಲದ ಕಡೆ ದುಡಿದವರು, ಮತ್ತು ಅವಘಡವಾದ ಮೇಲೆ "ಇವನು ನಮ್ಮ ಆಳೇ ಅಲ್ಲ" ಎನ್ನುವ ಮಾಲೀಕರೂ ಇದ್ದಾರೆ. ಇಡಬೇಕಾದ ದಾಖಲೆಯನ್ನು ಇಡದ ಮಾಲೀಕನೇ ತನ್ನ ನಿರಾಕರಣೆಯನ್ನು ರುಜುವಾತುಪಡಿಸಬೇಕು, ಅಲ್ಲಿಯವರೆಗೆ ನೌಕರ ಹೇಳಿದ ವೇತನವನ್ನೇ ಮೇಲ್ನೋಟಕ್ಕೆ ಒಪ್ಪಬೇಕು ಎಂಬ ಸಾಲು ರಾಜ್ಯದ ನಿಯಮಗಳಲ್ಲಿ ಇರಬೇಕೆಂಬುದು ನನ್ನ ಸಲಹೆ.