ಕೋಬಿಗೆ ಅಷ್ಟು ದುಡ್ಡು ಕೊಡಬೇಕಿತ್ತಾ?

2013ರ ಏಪ್ರಿಲ್ 12, ಲಾಸ್ ಏಂಜಲೀಸ್. ಪಂದ್ಯ ಮುಗಿಯಲು ಮೂರು ನಿಮಿಷ ಚಿಲ್ಲರೆ ಬಾಕಿಯಿತ್ತು. ಲೇಕರ್ಸ್ ಬಾಸ್ಕೆಟ್‌ಬಾಲ್ ತಂಡದ ಕೋಬಿ ಬ್ರಯಂಟ್ ಚೆಂಡು ಹಿಡಿದು ಮುಂದಕ್ಕೆ ನುಗ್ಗಿದರು, ಕುಸಿದು ಕೂತರು. ಹಿಂದಿನಿಂದ ಯಾರೋ ಒದ್ದಂತೆ ಅನಿಸುವುದು ಈ ಗಾಯದ ಲಕ್ಷಣ. ಯಾರೂ ಒದ್ದಿರಲಿಲ್ಲ. ಎಡಗಾಲಿನ ಅಕಿಲಿಸ್, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ಸ್ನಾಯುರಜ್ಜು, ಹರಿದಿತ್ತು. ಆ ಕಾಲಲ್ಲೇ ಗೆರೆಯ ತನಕ ಹೋಗಿ, ಸಿಕ್ಕ ಎರಡೂ ಫ್ರೀ ಥ್ರೋಗಳನ್ನು (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ಅಡ್ಡ ಬರದ ಎಸೆತಗಳು) ಬುಟ್ಟಿಗೆ ಹಾಕಿ, ಆಮೇಲೆ ಹೊರಗೆ ನಡೆದರು.

ಅವರಿಗಾಗ 34. ಏಳು ತಿಂಗಳ ನಂತರ, ಗಾಯದಿಂದ ಎದ್ದು ಒಂದೇ ಒಂದು ಪಂದ್ಯ ಆಡುವ ಮೊದಲೇ, ಲೇಕರ್ಸ್ ಅವರ ಕೈಗೆ ಎರಡು ವರ್ಷಕ್ಕೆ 4.85 ಕೋಟಿ ಡಾಲರ್‌ನ ಒಪ್ಪಂದ ಇಟ್ಟಿತು. ನಿಯಮದ ಪ್ರಕಾರ ಇನ್ನೂ ಜಾಸ್ತಿ ಕೇಳಬಹುದಿತ್ತು, ಹಾಗಾಗಿ ಇದು ಕಟ್ಟುನಿಟ್ಟಾಗಿ ‘ಮ್ಯಾಕ್ಸ್’, ಅಂದರೆ ಒಬ್ಬ ಆಟಗಾರನಿಗೆ ಕೊಡಬಹುದಾದ ಗರಿಷ್ಠ ಸಂಬಳ, ಅಲ್ಲ. ಆದರೂ ಆ ಎರಡು ವರ್ಷ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಅವರಿಗಿಂತ ದೊಡ್ಡ ಸಂಬಳ ಯಾರಿಗೂ ಇರಲಿಲ್ಲ.

ದೇಹದ ಕಡೆಯಿಂದ ನೋಡೋಣ. ಓಡುವಾಗ, ಜಿಗಿಯುವಾಗ ಅಕಿಲಿಸ್ ಮೇಲೆ ಮೈತೂಕದ ಎಷ್ಟೋ ಪಟ್ಟು ಎಳೆತ ಬೀಳುತ್ತದೆ. ಅದು ಹಿಗ್ಗಿ ಶಕ್ತಿ ಕೂಡಿಟ್ಟು, ಮರುಕ್ಷಣ ವಾಪಸ್ ಕೊಡುತ್ತದೆ. ಇಷ್ಟು ದುಡಿಯುವ ರಜ್ಜು ಆಗಾಗ ಹೊಸದಾಗುತ್ತಿರಬೇಕು ಅಲ್ವಾ? 2013ರಲ್ಲೇ ಡೆನ್ಮಾರ್ಕ್‌ನ ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದರು. ವಿಧಾನ ಸೊಗಸಾಗಿದೆ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 (ಇಂಗಾಲದ ಒಂದು ವಿಕಿರಣಶೀಲ ಬಗೆ) ಏರಿ, ಆಮೇಲೆ ಮೆಲ್ಲಗೆ ಇಳಿಯಿತು. ಅದು ಅನ್ನದ ಮೂಲಕ ಎಲ್ಲರ ಮೈಗೂ ಸೇರಿತು. ಸತ್ತವರ ಅಕಿಲಿಸ್‌ನಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ಆ ಅಂಗಾಂಶ ಯಾವ ಇಸವಿಯದು ಎಂದು ಗೊತ್ತಾಗುತ್ತದೆ. ಉತ್ತರ ಬಂದದ್ದು ಹೀಗೆ: ರಜ್ಜುವಿನ ತಿರುಳು ಸುಮಾರು 17 ವರ್ಷದವರೆಗೆ ಬೆಳೆಯುತ್ತದೆ, ಆಮೇಲೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

1996ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ, ಕೋಬಿ ಎನ್‌ಬಿಎಗೆ ಬಂದಾಗ ಅವರಿಗೂ 17. ಪ್ಲೇಆಫ್ (ಕೊನೆಯ ನಾಕೌಟ್ ಹಂತ) ಸೇರಿಸಿ ಸುಮಾರು 54 ಸಾವಿರ ನಿಮಿಷ, ಅಂದರೆ 900 ಗಂಟೆಯ ಆಟವನ್ನು ಒಂದೇ ತಿರುಳು ತಡೆದುಕೊಂಡಿತ್ತು. ಹರಿದ ಆ ತಿಂಗಳು ಅವರು ಬೆಂಚಿನ ಮೇಲೆ ಕೂತದ್ದೂ ಅಪರೂಪ. ಹೊಲಿಗೆ ಹಾಕಿದ ಅಕಿಲಿಸ್ ಎಷ್ಟೋ ಸಲ ಸ್ವಲ್ಪ ಉದ್ದವಾಗಿ ಕೂಡಿಕೊಳ್ಳುತ್ತದೆ. ಆಗ ಮೀನಖಂಡದ ಎಳೆತ ಸಡಿಲ. ಜೊತೆಗೆ 30 ದಾಟಿದ ಮೇಲೆ ಥಟ್ಟನೆ ಬಲ ಹಾಕುವ ಶಕ್ತಿ ಎಲ್ಲರಿಗೂ ಇಳಿಯುತ್ತದೆ.

ವಾಪಸಾದ ಕೋಬಿ ಆರೇ ಪಂದ್ಯ ಆಡಿದರು, ಮಂಡಿಯ ಮೂಳೆ ಬಿರುಕುಬಿಟ್ಟಿತು. ಹೊಸ ಒಪ್ಪಂದದ ಮೊದಲ ವರ್ಷ ಭುಜ ಹೋಯಿತು, ತಂಡದ 82 ಪಂದ್ಯಗಳಲ್ಲಿ ಆಡಿದ್ದು 35 ಮಾತ್ರ. ಎರಡನೇ ವರ್ಷ ಆಟದ ನಡುವೆ ಬುಟ್ಟಿಗೆ ಎಸೆದ ಚೆಂಡುಗಳಲ್ಲಿ ಒಳಗೆ ಸೇರಿದ್ದು ಶೇ. 35.8. ತಂಡ 17 ಗೆದ್ದು 65 ಸೋತಿತು.

ವಯಸ್ಸು ಎಲ್ಲವನ್ನೂ ಒಂದೇ ಸಮ ಕೆಡಿಸುವುದಿಲ್ಲ. ಜಿಗಿತ, ಓಟ ಮೊದಲು ಹೋಗುತ್ತವೆ. ಗುರಿ ಉಳಿಯುತ್ತದೆ. ಎತ್ತರಕ್ಕಂತೂ ವಯಸ್ಸೇ ಆಗುವುದಿಲ್ಲ. ಡಲ್ಲಾಸ್‌ನ ಡರ್ಕ್ ನೊವಿಟ್ಸ್ಕಿ ಕೋಬಿಗಿಂತ ಎರಡು ತಿಂಗಳು ದೊಡ್ಡವರು. ಏಳಡಿ ಆಳು, ಒಂಟಿ ಕಾಲಲ್ಲಿ ಹಿಂದಕ್ಕೆ ವಾಲಿ ಚೆಂಡು ಬಿಟ್ಟರೆ ತಡೆಯಲು ಯಾರ ಕೈಯೂ ಎಟುಕದು. 36ರಲ್ಲಿ 77 ಪಂದ್ಯ, 37ರಲ್ಲಿ 75 ಪಂದ್ಯ ಆಡಿದರು. ಅವರು 2014ರಲ್ಲಿ ಒಪ್ಪಿದ್ದು ಮೂರು ವರ್ಷಕ್ಕೆ ಬರೀ 2.5 ಕೋಟಿ ಡಾಲರ್‌ಗೆ!

‘36ರಲ್ಲೂ ಚೆನ್ನಾಗಿ ಆಡುವವರು ಬೇಕಾದಷ್ಟಿದ್ದಾರೆ’ ಎನ್ನುವ ವಾದ ಕೇಳಿದಾಗ ಮಾತ್ರ ಹುಷಾರು. 36ಕ್ಕೆ ಇನ್ನೂ ಲೀಗಿನಲ್ಲಿ ಇರುವವರನ್ನಷ್ಟೇ ಎಣಿಸಿದ ಲೆಕ್ಕ ಅದು. 31ಕ್ಕೇ ಮನೆಗೆ ಹೋದವರು ಅದರಲ್ಲಿಲ್ಲ.

ಈಗ ದುಡ್ಡಿನ ನಿಯಮ. 1999ರ ತನಕ ಒಬ್ಬ ಆಟಗಾರನ ಸಂಬಳಕ್ಕೆ ಮಿತಿಯೇ ಇರಲಿಲ್ಲ. 1997-98ರಲ್ಲಿ ಮೈಕಲ್ ಜೋರ್ಡನ್ ಪಡೆದ 3.3 ಕೋಟಿ ಡಾಲರ್, ಒಂದು ಇಡೀ ತಂಡದ ಸಂಬಳಕ್ಕೆ ಲೀಗ್ ಹಾಕಿದ್ದ ಮಿತಿಗಿಂತಲೂ ಜಾಸ್ತಿ. ಆಮೇಲೆ ಮ್ಯಾಕ್ಸ್ ಬಂತು. ಇವತ್ತಿನ ಮೂಲ ಲೆಕ್ಕದಲ್ಲಿ ಆರು ವರ್ಷದ ಸೇವೆಯವರೆಗೆ ತಂಡದ ಮಿತಿಯ ಶೇ. 25, ಏಳರಿಂದ ಒಂಬತ್ತಕ್ಕೆ ಶೇ. 30, ಹತ್ತು ತುಂಬಿದರೆ ಶೇ. 35. ಸರ್ಕಾರಿ ನೌಕರಿಯ ಇಂಕ್ರಿಮೆಂಟ್ ಥರ, ಸೀನಿಯಾರಿಟಿಗೆ ತಕ್ಕಂತೆ ಏರುತ್ತದೆ. 20ಕ್ಕೆ ಬಂದ ಹುಡುಗನಿಗೆ ಶೇ. 35ರ ಬಾಗಿಲು ತೆರೆಯುವಾಗ 30 ಆಗಿರುತ್ತದೆ. ದೇಹ ಇಳಿಯಲು ಶುರುವಾಗುವ ಹೊತ್ತಿಗೆ ಸಂಬಳ ನೆತ್ತಿಗೇರುತ್ತದೆ.

ಹಾಗಾದರೆ ಕೋಬಿಗೆ ಅದು ಸಲ್ಲಬೇಕಿತ್ತಾ? ನನ್ನ ಪ್ರಕಾರ ದುಡ್ಡು ಸಲ್ಲಬೇಕಿತ್ತು. ಐದು ಚಾಂಪಿಯನ್‌ಶಿಪ್ ಗೆದ್ದವರು, ಪ್ರಾಯದಲ್ಲಿ ದುಡಿದುಕೊಟ್ಟದ್ದರಲ್ಲಿ ಅವರ ಕೈ ಸೇರಿದ್ದು ಒಂದು ಪಾಲು. ಅದು ಹಳೇ ಬಾಕಿ. ತೊಂದರೆ ಇರುವುದು ಬಾಕಿ ಯಾರ ಜೇಬಿನಿಂದ ತೀರಿತು ಎಂಬುದರಲ್ಲಿ. ಕೊಟ್ಟದ್ದು ಮಾಲೀಕರಾದರೂ ಸಂಬಳದ ಮಿತಿ ಇಡೀ ತಂಡದ್ದು. 6.3 ಕೋಟಿಯ ಮಿತಿಯಲ್ಲಿ 2.35 ಕೋಟಿ ಒಬ್ಬರಿಗೇ ಹೋದರೆ ಉಳಿದದ್ದರಲ್ಲಿ ಒಳ್ಳೆಯ ಜೊತೆಗಾರರು ಎಲ್ಲಿಂದ ಬರಬೇಕು? ಬಾಕಿ ತೀರಿಸಲು ಮಿತಿಯ ಹೊರಗೊಂದು ದಾರಿ ಇದ್ದಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ.

ಉಳಿಸಿದ ದುಡ್ಡು ಉಳಿದೇ ಉಳಿಯುತ್ತದೆ ಎಂದೂ ಸುಮ್ನೆ ನಂಬಬೇಡಿ. ನೊವಿಟ್ಸ್ಕಿ ಬಿಟ್ಟುಕೊಟ್ಟದ್ದರಿಂದ ಜಾಗವಾಗಿ, ಡಲ್ಲಾಸ್ ಅದೇ ಬೇಸಿಗೆಯಲ್ಲಿ 25ರ ಚಾಂಡ್ಲರ್ ಪಾರ್ಸನ್ಸ್‌ಗೆ ಮೂರು ವರ್ಷಕ್ಕೆ 4.6 ಕೋಟಿ ಡಾಲರ್ ಕೊಟ್ಟಿತು. ಎರಡೇ ವರ್ಷದಲ್ಲಿ ಪಾರ್ಸನ್ಸ್ ಮಂಡಿಗೆ ಎರಡು ಸಲ ಶಸ್ತ್ರಚಿಕಿತ್ಸೆ ಆಯಿತು. 2016ರಲ್ಲಿ ಮೆಂಫಿಸ್ ತಂಡ ಆ ಮಂಡಿಯ ಸಮೇತ ಅವರಿಗೆ ನಾಲ್ಕು ವರ್ಷದ ಮ್ಯಾಕ್ಸ್ ಕೊಟ್ಟಿತು, 9.4 ಕೋಟಿ. ವಯಸ್ಸು ಆಗ ಬರೀ 27. ಮುಂದಿನ ಮೂರು ವರ್ಷದಲ್ಲಿ ಅವರು ಮೆಂಫಿಸ್‌ಗೆ ಆಡಿದ್ದು 95 ಪಂದ್ಯ.