ಫುಟ್‌ಪಾತ್ ಅಳೆಯೋಕೆ ಸಂಜೆ ಹೊತ್ತು ಹೋಗ್ಬೇಕು

ನಾನು ನಗರ ಪ್ಲಾನಿಂಗ್ ಕೆಲಸದವನು ಅಂತ ಗೊತ್ತಾದ ತಕ್ಷಣ ಬೆಂಗಳೂರಲ್ಲಿ ಜನ ಕೇಳೋದು ಒಂದೇ, ಈ ತಳ್ಳುಗಾಡಿಗಳನ್ನೆಲ್ಲ ಯಾವಾಗ ಎತ್ತಿಸ್ತೀರಾ ಸಾರ್ ಅಂತ. ಕೇಳೋರ ಕೈಲಿ ಅದೇ ಗಾಡಿಯಿಂದ ತಗೊಂಡ ಕೊತ್ತಂಬರಿ ಕಟ್ಟು ಇರತ್ತೆ, ಅದು ಬೇರೆ ಮಾತು.

ಒಂದ್ಸಲ ಬಸ್ ಸ್ಟಾಪ್ ಪಕ್ಕದ ಫುಟ್‌ಪಾತನ್ನ ಟೇಪ್ ಹಿಡಿದು ಅಳೆದ್ವಿ. ಡ್ರಾಯಿಂಗಲ್ಲಿ 3 ಮೀಟರ್ ಅಗಲ. ಟ್ರಾನ್ಸ್‌ಫಾರ್ಮರ್ ಕಟ್ಟೆ, ಕೇಬಲ್ ಸುರುಳಿ, ಅಂಗಡಿಯವರ ಬೋರ್ಡು, ಸಾಲಾಗಿ ನಿಲ್ಲಿಸಿದ ಸ್ಕೂಟರು ಇದೆಲ್ಲ ಕಳೆದ್ರೆ ಒಂದು ಮೀಟರೂ ಉಳೀಲಿಲ್ಲ, ರಸ್ತೆಗಳ ಅಳತೆ ಹೇಗಿರ್ಬೇಕು ಅಂತ ಹೇಳೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನೋಡಿದ್ರೆ ನಡೆಯೋಕೆ ಕನಿಷ್ಠ 1.8 ಮೀಟರ್ ಬಿಡಿ ಅನ್ನತ್ತೆ. ಅಲ್ಲೇ ಕಂಬದ ಮಗ್ಗುಲಲ್ಲಿ ಹೂವಿನಮ್ಮ ಒಬ್ಬರು, ಬುಟ್ಟಿ ಮಣೆ ಎಲ್ಲ ಸೇರಿ ಎರಡಡಿ ಜಾಗ, ಕಂಬ ಇರೋದ್ರಿಂದ ಹೆಂಗೂ ಯಾರೂ ಕಾಲಿಡದ ಜಾಗ. ಆದ್ರೆ ತೆರವು ಅಂತ ಬಂದಾಗ ಎದ್ದಿದ್ದು ಅವರೊಬ್ಬರೇ, ಸ್ಕೂಟರೆಲ್ಲ ಅಲ್ಲೇ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ವ್ಯಾಪಾರಿಗಳ ಸರ್ವೆ ಮುಗಿದು ಅವರಿಗೆಲ್ಲ ವ್ಯಾಪಾರದ ಸರ್ಟಿಫಿಕೇಟ್ ಕೊಡೋತನಕ ಯಾರನ್ನೂ ಎಬ್ಬಿಸೋ ಹಾಗಿಲ್ಲ, ಬೇರೆ ಕಡೆ ಕಳಿಸೋದಾದ್ರೂ 30 ದಿನದ ನೋಟಿಸ್ ಬೇಕು, ಊರಿನ ಜನಸಂಖ್ಯೆಯ 2.5% ಮಿತಿಯೊಳಗೆ ಇರೋ ವ್ಯಾಪಾರಿಗಳಿಗೆಲ್ಲ ಜಾಗ ಮಾಡ್ಕೊಡ್ಬೇಕು. ಇದನ್ನೆಲ್ಲ ನೋಡ್ಕೊಳ್ಳೋ ಪಟ್ಟಣ ವ್ಯಾಪಾರ ಸಮಿತೀಲಿ ಕನಿಷ್ಠ 40% ಸೀಟು ವ್ಯಾಪಾರಿಗಳದ್ದೇ. ವಶಪಡಿಸಿಕೊಂಡ ಹಣ್ಣು ಹೂವನ್ನ ಕೇಳಿದ ದಿನಾನೇ ವಾಪಸ್ ಕೊಡ್ಬೇಕು ಅಂತಾನೂ ಇದೆ. ಸಂಜೆವರೆಗೂ ಆಫೀಸ್ ಬಾಗಿಲಲ್ಲಿ ಕಾಯಿಸಿ ಕೊಟ್ರೆ ಆ ಮಲ್ಲಿಗೆ ಯಾರು ತಗೋತಾರೆ ಹೇಳಿ. ಬೆಳಗ್ಗೆ ಮಾಲು ತರೋಕೆ ಅಂತ ಮಾಡಿದ ದಿನದ ಬಡ್ಡಿ ಸಾಲವಂತೂ ಕಾಯಲ್ಲ. 2020ರಲ್ಲಿ ಬಂದ ಪಿಎಂ ಸ್ವನಿಧಿ ಅಂದ್ರೆ ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಸ್ಕೀಮು, 10,000 ರೂಪಾಯಿಂದ ಶುರುವಾದ, ಅಡಮಾನ ಇಲ್ಲದ ಸಾಲ, ಒಳ್ಳೇದೇ, ಆದ್ರೆ ಕೂರೋ ಜಾಗಾನೇ ಗ್ಯಾರಂಟಿ ಇಲ್ದಿದ್ರೆ ಕಂತು ಕಟ್ಟೋದು ಎಲ್ಲಿಂದ?

ನಮ್ಮೋರು ಮಾಡೋ ದೊಡ್ಡ ತಪ್ಪು ಅಂದ್ರೆ ಕಾಂಪ್ಲೆಕ್ಸ್. ಎಲ್ಲರನ್ನೂ ಕಟ್ಟಡದೊಳಗೆ ಹಾಕಿದ್ರೆ ಮುಗೀತು ಅನ್ಕೊಳ್ತಾರೆ. ಎರಡು ಮೊಳ ಹೂವಿಗೆ ಅಂತ ಯಾರ್ರೀ ಮೊದಲನೇ ಫ್ಲೋರ್ ಹತ್ತೋರು? ಬಸ್ ಇಳಿದು ಮನೆ ಕಡೆ ಹೊರಟವರ ಕಣ್ಣಿಗೆ ಬಿದ್ರಷ್ಟೇ ಅದು ವ್ಯಾಪಾರ. ಜನ ಸೇರೋ ಕಡೆ ಇವರು ಬರ್ತಾರೆ, ಬಸ್ ಸ್ಟಾಪ್ ಮಾರ್ಕ್ ಮಾಡಿದವರೇ ಅಲ್ಲಿ ಮಾರೋರು ಬರ್ತಾರೆ ಅಂತಾನೂ ಅನ್ಕೋಬೇಕಿತ್ತು. ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಸರ್ವೆ ಮಾಡಿದ್ರೆ ಇದ್ಯಾವುದೂ ಕಾಣಲ್ಲ, ಸಂಜೆ ಆರರ ಮೇಲೆ ಹೋಗಿ ನಿಂತ್ಕೋಬೇಕು.

ಆ ಹೂವಿನಮ್ಮ ಒಂದು ವಾರಕ್ಕೆ ವಾಪಸ್ ಬಂದು ಅಲ್ಲೇ ಕೂತಿದ್ರು. ಹೊಸ ಡ್ರಾಯಿಂಗಲ್ಲಿ ಕಂಬ, ಮರ ಇರೋ ಪಟ್ಟೀಲೇ ಅವರಿಗೆ ಒಂದು ಚೌಕ ಹಾಕಿ ತೋರಿಸ್ದೆ. ನೋಡಿ, "ಮಧ್ಯಾಹ್ನ ಬಿಸ್ಲು ಆ ಕಡೆಯಿಂದ ಹೊಡೀತದೆ ಸಾರ್, ಹೂವು ಬಾಡೋಗ್ತದೆ, ಮರದ ಈ ಮಗ್ಗುಲಿಗೆ ಹಾಕಿ" ಅಂದ್ರು. ಹಾಕ್ದೆ.