ತೊಗಟೆಯ ಬೂದು ಚಕ್ಕೆ: ಪಿಕ್ಸೀನ್ ಯಾವುದು, ಡಿರಿನೇರಿಯಾ ಯಾವುದು?

ಪಿಕ್ಸೀನ್, ಡಿರಿನೇರಿಯಾ ಎರಡೂ ಎಲೆಯಂತೆ ಹರಡುವ ಲೈಕೆನ್‌ಗಳ ಕುಲಗಳು. ಇಂಥ ಎಲೆ ಲೈಕೆನ್ ಕಲಿಯೋದಕ್ಕೆ ಮೊದಲು ಅಡುಗೆಮನೆಗೆ ಹೋಗಿ. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವು, ಇಲ್ಲಿ ಪುಣೆಯವರ ಗೋಡಾ ಮಸಾಲೆಗೆ ಬೀಳುವ ದಗಡ್‌ಫೂಲ್, ಲೈಕೆನ್ನೇ. ಹೆಸರಿಗೆ ಹೂವು, ಆದರೆ ಅದು ಶಿಲೀಂಧ್ರ ಮತ್ತು ಪಾಚಿಯ ಕೂಡು ಸಂಸಾರ. ಒಂದು ಅಗಲವಾದ ಚೂರು ಆರಿಸಿ, ಐದು ನಿಮಿಷ ನೀರಲ್ಲಿ ಹಾಕಿ. ಮುರುಟಿದ್ದು ಬಿಚ್ಚಿಕೊಳ್ಳುತ್ತದೆ. ಮೇಲೆ ಬೂದು, ತಿರುಗಿಸಿದರೆ ಕಪ್ಪು. ನಡುವೆ ಬೇರಿನಂಥ ಸಣ್ಣ ಎಳೆಗಳು, ಅಂಚಿನಲ್ಲಿ ಮಾತ್ರ ಬೋಳು ಕಂದು ಪಟ್ಟಿ. ಹೀಗಿದ್ದರೆ ಅದು ಪಾರ್ಮೋಟ್ರೀಮಾ ಎಂಬ ಲೈಕೆನ್ ಕುಲದ್ದು ಇರಬಹುದು. ಆ ಎಳೆಗಳಿಗೆ ರೈಜಿನ್ ಅಂತಾರೆ. ಅವು ಹಿಡಿದುಕೊಳ್ಳೋಕೆ ಅಷ್ಟೇ, ಮರದ ರಸ ಹೀರುವುದಿಲ್ಲ. ಹಾಗಾಗಿ ಲೈಕೆನ್‌ನಿಂದ ಮರ ಸಾಯುತ್ತದೆ ಅನ್ನೋದು ಸುಮ್ನೆ ಮಾತು.

ಈಗ ಮರದ ಹತ್ತಿರ ಬನ್ನಿ. ನಮ್ಮ ಸೊಸೈಟಿಯ ಮಾವಿನ ತೊಗಟೆ ಮೇಲೆ ಸಿಗೋದು ಇಷ್ಟು ದೊಡ್ಡದಲ್ಲ. ಒಂದೊಂದು ಎಸಳು ಹೆಚ್ಚುಕಡಿಮೆ ಒಂದು ಮಿ.ಮೀ. ಅಗಲ. ದುಂಡಗೆ, ತೊಗಟೆಗೆ ಅಂಟಿಸಿದ ಹಾಗೆ ಹರಡಿರುತ್ತದೆ. ಮೈಮೇಲೆ ಹಿಟ್ಟು ಉದುರಿಸಿದಂತೆ ಸೊರೀಡಿಯಾ, ಅಂದರೆ ಲೈಕೆನ್ ಹರಡಲು ಬಳಸುವ ಪುಡಿ ಕಣಗಳು. ಇಲ್ಲೇ ನಾನು ಎಡವಿದ್ದು. ಪಿಕ್ಸೀನ್ ಕೊಕೋಯಿಸ್ ಮತ್ತು ಡಿರಿನೇರಿಯಾ ಅಪ್ಲನೇಟಾ ಎರಡೂ ಬೂದು, ಎರಡಕ್ಕೂ ಹಿಟ್ಟು, ಎರಡರ ಅಡಿಯೂ ಕಪ್ಪು. ಮಳೆಗಾಲದ ಫೋಟೋ ಇಟ್ಟುಕೊಂಡು ಬಣ್ಣದ ಮೇಲೆ ಹೆಸರಿಟ್ಟೆ. ಒದ್ದೆಯಾದಾಗ ಮೇಲ್ಪದರ ಪಾರದರ್ಶಕವಾಗಿ ಒಳಗಿನ ಪಾಚಿಯ ಹಸಿರು ಕಾಣುತ್ತದೆ, ಅಲ್ವಾ? ಬಣ್ಣ ನಂಬಿ ಕೆಟ್ಟೆ. ಒಣಗಿದ ಮೇಲೆ ನೋಡಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು, ಅಂಚನ್ನು ಸೂಜಿಯಿಂದ ಮೆಲ್ಲಗೆ ಎತ್ತಿ. ರೈಜಿನ್ ಇದ್ದರೆ ಪಿಕ್ಸೀನ್ ಕಡೆ ವಾಲಿ. ಡಿರಿನೇರಿಯಾಕ್ಕೆ ರೈಜಿನ್ ಇಲ್ಲ. ಅದರ ಎಸಳುಗಳೂ ಒಂದರೊಳಗೊಂದು ಕೂಡಿ, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಯು.ವಿ. (ನೇರಳಾತೀತ) ಟಾರ್ಚ್, 365 ನ್ಯಾನೋಮೀಟರಿನದು. ಸಂಜೆ ಕಪ್ಪು ಛತ್ರಿಯೊಳಗೆ ತಲೆ ತೂರಿಸಿ ಬೆಳಕು ಬಿಟ್ಟೆ. ಬೂದು ಚಕ್ಕೆ ಅರಿಶಿನದ ಹಾಗೆ ಹಳದಿಯಾಗಿ ಹೊಳೆಯಿತು. ಲೈಕೆಕ್ಸಾಂಥೋನ್ ಎಂಬ ರಾಸಾಯನಿಕದ ಕೆಲಸ ಅದು. ಪಿಕ್ಸೀನ್ ಕೊಕೋಯಿಸ್‌ನಲ್ಲಿ ಅದಿದೆ, ಡಿರಿನೇರಿಯಾ ಅಪ್ಲನೇಟಾದಲ್ಲಿ ಇಲ್ಲ. ಪಕ್ಕದ ಚಕ್ಕೆ ಮಂಕಾಗೇ ಉಳಿಯಿತು. ವಾಚ್‌ಮನ್ ಬಂದು, "ಪಾವೂಸ್ ಕುಠೇ ಆಹೇ?" ಅಂದರು. ಮಳೆ ಎಲ್ಲಿದೆ ಅಂತ!

ಇನ್ನೂ ಅನುಮಾನ ಇದ್ದರೆ ಒಂದು ಚೂರನ್ನು ಮನೆಗೆ ತಂದು, ಮೇಲ್ಪದರಕ್ಕೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದು ಹನಿ ಮುಟ್ಟಿಸಿ. ಡಿರಿನೇರಿಯಾ ಹಳದಿ ತಿರುಗುತ್ತದೆ, ಪಿಕ್ಸೀನ್ ಕೊಕೋಯಿಸ್ ತಿರುಗುವುದಿಲ್ಲ. ಚರ್ಮ ಸುಡುವ ದ್ರಾವಣ ಅದು, ಕೈಗವಸು ಬೇಕೇ ಬೇಕು. ಮರದ ಮೇಲೆ ಹನಿಸಬೇಡಿ. ಉಗುರಿನಷ್ಟು ಚೂರು ಸಾಕು, ಲೈಕೆನ್ ಮತ್ತೆ ಬೆಳೆಯೋದು ಬಹಳ ನಿಧಾನ.

ಆದರೆ ಹಳದಿ ಹೊಳಪು ಬೇರೆ ಕೆಲವು ಪಿಕ್ಸೀನ್‌ಗಳಲ್ಲೂ ಇದೆ. ಅದಕ್ಕೇ ನನ್ನ ಪುಸ್ತಕದಲ್ಲಿ ಆ ಮಾವಿನ ಮರದ ಎದುರು ಈಗ "ಪಿಕ್ಸೀನ್, ಬಹುಶಃ ಕೊಕೋಯಿಸ್" ಅಂತ ಪೆನ್ಸಿಲ್‌ನಲ್ಲಿ ಬರೆದಿದೆ.